ಕೆಮ್ಮಿಗೆ ಇಟ್ಟ ಹೆಸರುಗಳು

ಈಚೆಗೆ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಎಲೆಯ ಮುಂದೆ ಇಟ್ಟ ಐಸ್‌ಕ್ರೀಮಿನ ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ಸರಿಸಿ, "ನೀವು ತಿನ್ನಿ, ನನಗೆ ಈಸ್ನೋಫೀಲಿಯಾ ಇದೆ" ಎಂದರು. ಅಷ್ಟು ಹೇಳಿದ್ದೇ ತಡ, ಎದುರು ಸಾಲಿನಲ್ಲಿದ್ದವರೆಲ್ಲ ಮಾತಿಗೆ ಸೇರಿಕೊಂಡರು. ಒಬ್ಬರಿಗೆ ಬೆಳಗ್ಗೆ ಎದ್ದ ಕೂಡಲೇ ಸೀನು. ಇನ್ನೊಬ್ಬರಿಗೆ ಅಟ್ಟ ಗುಡಿಸಿದರೆ ಕೆಮ್ಮು. ಮತ್ತೊಬ್ಬರ ಮೊಮ್ಮಗನಿಗೆ ಮೈತುರಿಕೆ. ಎಲ್ಲಕ್ಕೂ ಒಂದೇ ಹೆಸರು, ಈಸ್ನೋಫೀಲಿಯಾ.

ನಾನು ಸುಮ್ಮನೆ ಐಸ್‌ಕ್ರೀಮು ತಿಂದೆ. ಆದರೆ ಆ ಹೆಸರು ಮನಸ್ಸಿನಿಂದ ಹೋಗಲಿಲ್ಲ. ನಮ್ಮ ಮನೆಯಲ್ಲಿ ಆ ಹೆಸರಿಗೆ ಎರಡು ಚರಿತ್ರೆಗಳಿವೆ. ಒಂದರಲ್ಲಿ ಅದು ಒಬ್ಬ ತಾಯಿಯನ್ನು ಮಗುವಿನ ಬಳಿ ಸೇರಿಸಿತು. ಇನ್ನೊಂದರಲ್ಲಿ ನಾನೇ ಅದರ ಹಿಂದೆ ಅಡಗಿಕೊಂಡು ನನ್ನ ಮಗಳಿಗೆ ಅನ್ಯಾಯ ಮಾಡಿದೆ.

ಮೊದಲನೆಯದು 1958ರ ಮಾತು. ಆಗ ನನಗೆ ಒಂಬತ್ತು ವರ್ಷ. ಕರಾವಳಿಯಲ್ಲಿ, ತೆಂಗಿನ ತೋಟದ ನಡುವೆ ನನ್ನ ಅಜ್ಜಿಮನೆ. ಮಳೆಗಾಲ ಮುಗಿದು ಸ್ವಲ್ಪ ದಿನಕ್ಕೆ ಚಿಕ್ಕಮ್ಮನನ್ನು ಅವಳ ಗಂಡನ ಮನೆಯವರು ತಂದುಬಿಟ್ಟರು. "ಬಿಟ್ಟರು" ಎಂಬ ಮಾತನ್ನು ತಿಳಿದೇ ಬರೆಯುತ್ತಿದ್ದೇನೆ. ಬಾಡಿಗೆ ಕಾರಿನಿಂದ ಅವಳ ಟ್ರಂಕನ್ನೂ ಹಾಸಿಗೆಯ ಸುರುಳಿಯನ್ನೂ ಇಳಿಸಿದರು, ಕಾಫಿಗೂ ಕೂರಲಿಲ್ಲ. ಅವಳಿಗಾಗ ಇಪ್ಪತ್ತೆರಡು ವರ್ಷ. ಎಂಟು ತಿಂಗಳ ಗಂಡುಮಗು ಅವಳ ಜೊತೆಯಲ್ಲಿರಲಿಲ್ಲ. "ಮಗು ನಮ್ಮಲ್ಲಿರಲಿ, ನೀವು ಇವಳನ್ನು ನೋಡಿಕೊಳ್ಳಿ" ಎಂದಿದ್ದರಂತೆ ಆ ಮನೆಯ ಹಿರಿಯರು.

ಚಿಕ್ಕಮ್ಮನಿಗೆ ಕೆಮ್ಮು. ಹಗಲು ಹೇಗೋ ಇರುತ್ತಿದ್ದಳು. ರಾತ್ರಿ ಹತ್ತು ಹನ್ನೊಂದು ಗಂಟೆಯಾಯಿತೆಂದರೆ ಶುರು. ಎದೆಯೊಳಗೆ ಸಿಳ್ಳೆ ಹೊಡೆದಂತೆ ಸದ್ದು, ಮಲಗಿದರೆ ಉಸಿರು ಕಟ್ಟುವುದು, ಎದ್ದು ಗೋಡೆಗೆ ಒರಗಿ ಬೆಳಗು ಮಾಡುವುದು. ಸಂಜೆಗೆ ಸಣ್ಣ ಜ್ವರ. ಮೈ ಬಡಕಲಾಗಿತ್ತು. ಪೇಟೆಯ ಡಾಕ್ಟರು ಎಕ್ಸ್‌ರೇ ತೆಗೆಸಿದ್ದರು. ಎರಡೂ ಶ್ವಾಸಕೋಶಗಳ ತುಂಬ ರಾಗಿ ಚೆಲ್ಲಿದ ಹಾಗೆ ಚುಕ್ಕೆ. ನೋಡಿದವರು ಬೇರೆ ಯೋಚನೆ ಮಾಡಲಿಲ್ಲ. ಕ್ಷಯ ಎಂದರು.

ಆ ಕಾಲದಲ್ಲಿ ಆ ಒಂದು ಮಾತು ಹೆಣ್ಣಿನ ಮೇಲೆ ಬಿದ್ದರೆ ಏನಾಗುತ್ತಿತ್ತೆಂದು ಇಂದಿನವರಿಗೆ ವಿವರಿಸುವುದು ಕಷ್ಟ. ಅಜ್ಜಿ ಅವಳನ್ನು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿಟ್ಟಳು. ಅವಳಿಗೆಂದೇ ಒಂದು ಪಿಂಗಾಣಿ ಬಟ್ಟಲು, ಒಂದು ಲೋಟ. ಗಂಜಿಯನ್ನು ಹೊಸ್ತಿಲಲ್ಲಿಟ್ಟು ಬರಬೇಕು. ನಾವು ಮಕ್ಕಳು ಆ ಕಡೆ ಹಾಯಕೂಡದು. ಎದೆಹಾಲು ಬತ್ತುವವರೆಗೂ ಅವಳ ರವಿಕೆ ಒದ್ದೆಯಾಗಿರುತ್ತಿತ್ತೆಂದು ನನ್ನ ಅಮ್ಮ ಬಹಳ ವರ್ಷಗಳ ಮೇಲೆ ಹೇಳಿದಳು. ದಿನವೂ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು. ಎರಡು ತಿಂಗಳಾದರೂ ಕೆಮ್ಮು ಒಂದಿಷ್ಟೂ ಇಳಿಯಲಿಲ್ಲ. ಕಫವನ್ನು ಮೂರು ಸಲ ಪರೀಕ್ಷೆಗೆ ಕಳಿಸಿದ್ದರು, ಮೂರು ಸಲವೂ ಕ್ಷಯದ ಕ್ರಿಮಿ ಸಿಕ್ಕಿರಲಿಲ್ಲ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಕ್ಸ್‌ರೇಯಲ್ಲಿ ಚುಕ್ಕೆ ಇದೆಯಲ್ಲ!

ಚಿಕ್ಕಮ್ಮನ ಕತೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಅವಳನ್ನು ಆ ಕೋಣೆಯಿಂದ ಹೊರಗೆ ತಂದ ತಿಳಿವಳಿಕೆ ನಮ್ಮ ಊರಿಗೆ ಬಂದು ಮುಟ್ಟಲು ಸುಮಾರು ಎಂಬತ್ತು ವರ್ಷ ಹಿಡಿದಿತ್ತು. ಅದು ಹೊರಟದ್ದು ಜರ್ಮನಿಯಿಂದ.

ಅಲ್ಲಿ ಪಾಲ್ ಎರ್ಲಿಖ್ ಎಂಬ ಯುವಕನಿಗೆ ಬಣ್ಣಗಳ ಹುಚ್ಚು. ಬಟ್ಟೆಗೆ ಹಾಕುವ ಹೊಸ ಹೊಸ ರಾಸಾಯನಿಕ ಬಣ್ಣಗಳು ಆಗ ಜರ್ಮನಿಯ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದವು. ಆತ ಅವನ್ನು ರಕ್ತದ ಹನಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಒಂದೊಂದು ಬಣ್ಣ ಒಂದೊಂದು ಬಗೆಯ ಕಣಕ್ಕೆ ಹಿಡಿಯುತ್ತಿತ್ತು. ಇಯೋಸಿನ್ ಎಂಬ ಕೆಂಪು ಬಣ್ಣ ಹಾಕಿದಾಗ ಕೆಲವು ಬಿಳಿ ರಕ್ತಕಣಗಳ ಒಳಗಿನ ಕಾಳುಗಳು ಮಾತ್ರ ಕಿತ್ತಳೆಗೆಂಪಾಗಿ ಹೊಳೆದವು. 1879ರಲ್ಲಿ ಆತ ಆ ಕಣಗಳಿಗೆ ಇಯೋಸಿನೊಫಿಲ್ ಎಂದು ಹೆಸರಿಟ್ಟ. ಇಯೋಸಿನನ್ನು ಪ್ರೀತಿಸುವುದು ಎಂದು ಅದರ ಅರ್ಥ. ಇಯೋಸ್ ಎಂದರೆ ಗ್ರೀಕರ ಉಷಾದೇವಿ. ಮುಂಜಾವದ ಕೆಂಪಿನ ಹೆಸರು ಹೊತ್ತ ಕಣ ಅದು. ನಮ್ಮ ಬಾಯಲ್ಲಿ ಸವೆದು ಸವೆದು "ಈಸ್ನೋಫೀಲಿಯಾ" ಆಗುವ ಹೊತ್ತಿಗೆ ಆ ಸೊಗಸೆಲ್ಲ ಉದುರಿಹೋಗಿದೆ.

ಈ ಕಣ ನಮ್ಮ ಶತ್ರುವಲ್ಲ. ಎಲ್ಲರ ರಕ್ತದಲ್ಲೂ ಇದು ಸ್ವಲ್ಪ ಇದ್ದೇ ಇರುತ್ತದೆ, ಒಂದು ಘನ ಮಿಲಿಮೀಟರು ರಕ್ತದಲ್ಲಿ ಸಾಮಾನ್ಯವಾಗಿ 500ರ ಒಳಗೆ. ಹೊಟ್ಟೆಗೆ ಹುಳು ಸೇರಿದಾಗ, ಮೈಗೆ ಒಗ್ಗದ್ದು ತಾಗಿದಾಗ ಇವುಗಳ ಸಂಖ್ಯೆ ಏರುತ್ತದೆ. ಮನೆಗೆ ಕಳ್ಳ ನುಗ್ಗಿದಾಗ ದೊಣ್ಣೆ ಹಿಡಿದು ಓಡಿಬರುವ ಅಕ್ಕಪಕ್ಕದವರ ಹಾಗೆ. ಆದರೆ ಕತ್ತಲಲ್ಲಿ ದೊಣ್ಣೆ ಬೀಸಿದರೆ ಕಳ್ಳನಿಗೆ ಮಾತ್ರ ಏಟು ಬೀಳುತ್ತದೆಯೆ? ಮನೆಯ ಪಾತ್ರೆ ಪಡಗವೂ ಒಡೆಯುತ್ತದೆ. ಈ ಕಣಗಳ ಕಾಳುಗಳಲ್ಲಿರುವ ತೀಕ್ಷ್ಣ ವಸ್ತುಗಳು ಹುಳುವನ್ನು ಕೊಲ್ಲುವಷ್ಟೇ ಸುಲಭವಾಗಿ ನಮ್ಮ ಶ್ವಾಸಕೋಶವನ್ನೂ ಚರ್ಮವನ್ನೂ ಕೆಲವೊಮ್ಮೆ ಹೃದಯವನ್ನೂ ಕೆಣಕಿ ಉರಿಯೂತ ಎಬ್ಬಿಸುತ್ತವೆ.

ಎರ್ಲಿಖ್‌ನ ಬಾಳಿನಲ್ಲೇ ಕ್ಷಯದ ಒಂದು ಪ್ರಸಂಗವಿದೆ. 1888ರಲ್ಲಿ ಆತ ತನ್ನ ಕಫಕ್ಕೆ ತಾನೇ ಬಣ್ಣ ಹಾಕಿ ನೋಡಿ ಅದರಲ್ಲಿ ಕ್ಷಯದ ಕ್ರಿಮಿ ಇರುವುದನ್ನು ಕಂಡ. ಹೆಂಡತಿ ಹೆಡ್ವಿಗ್ ಜೊತೆ ಈಜಿಪ್ಟಿನ ಒಣ ಹವೆಗೆ ಹೋಗಿ ಇದ್ದು ಗುಣಮುಖನಾಗಿ ಬಂದ. ಆತನಿಗೆ ಬಂದದ್ದು ಕ್ಷಯವೇ ಎಂದು ಕಣ್ಣಾರೆ ನೋಡಿ ತಿಳಿದುಕೊಂಡ. ನಮ್ಮ ಚಿಕ್ಕಮ್ಮನಿಗೆ ಆ ಭಾಗ್ಯವಿರಲಿಲ್ಲ. ಕ್ರಿಮಿ ಕಾಣದೆಯೇ ಅವಳಿಗೆ ಕ್ಷಯದ ಹೆಸರು ಅಂಟಿತ್ತು.

ಅವಳಂಥವರು ಬೇರೆಯೂ ಇದ್ದರು. ಅವರನ್ನು ಮೊದಲು ಗುರುತಿಸಿದ ಜಾಗಗಳಲ್ಲಿ ಒಂದು ನಮಗೆ ಹತ್ತಿರದ್ದೇ. ಕೋಲಾರದ ಕಡೆಯಿಂದ ಗಡಿ ದಾಟಿದರೆ ಆಂಧ್ರದ ಮದನಪಲ್ಲಿ ಸಿಗುತ್ತದೆ. ಅದರ ಬಳಿ ಆರೋಗ್ಯವರಂ ಎಂಬಲ್ಲಿ ಮಿಷನ್ನಿನವರು ಕಟ್ಟಿದ ಕ್ಷಯರೋಗದ ಸ್ಯಾನಿಟೋರಿಯಂ. ಡೆನ್ಮಾರ್ಕಿನಿಂದ ಬಂದ ಫ್ರಿಮೋಟ್-ಮೊಲ್ಲರ್ ಎಂಬ ವೈದ್ಯರು ಬಹುಕಾಲ ಅದರ ಮುಖ್ಯಸ್ಥರಾಗಿದ್ದರು. ಕ್ಷಯವೆಂದು ಅಲ್ಲಿಗೆ ಬಂದವರಲ್ಲಿ ಕೆಲವರ ಬಗ್ಗೆ ಸಂಶಯ ಮೂಡಿತು. ಕೆಮ್ಮು ಇದೆ, ಜ್ವರ ಇದೆ, ಎಕ್ಸ್‌ರೇಯಲ್ಲಿ ಚುಕ್ಕೆಯೂ ಇದೆ, ಕಫದಲ್ಲಿ ಕ್ರಿಮಿ ಮಾತ್ರ ಇಲ್ಲ. ರಕ್ತ ನೋಡಿದರೆ ಇಯೋಸಿನೊಫಿಲ್ ಕಣಗಳು ವಿಪರೀತ ಏರಿವೆ. ಅವರೂ ಬಾರ್ಟನ್ ಎಂಬ ಸಹೋದ್ಯೋಗಿಯೂ ಸೇರಿ 1940ರಲ್ಲಿ ಇದನ್ನು ಕ್ಷಯದಂತೆ ತೋರುವ, ಕ್ಷಯವಲ್ಲದ ಸ್ಥಿತಿ ಎಂದು ಬರೆದು ಪ್ರಕಟಿಸಿದರು.

ಆ ವೈದ್ಯರು ದೊಡ್ಡ ಔಷಧಿಯನ್ನೇನೂ ಕಂಡುಹಿಡಿಯಲಿಲ್ಲ. ಆದರೆ ಕ್ಷಯವೆಂಬ ಬೋರ್ಡು ಹಾಕಿದ ಬಾಗಿಲೊಳಗೆ ಬಂದವರೆಲ್ಲ ಕ್ಷಯ ರೋಗಿಗಳೇ ಎಂದು ಅವರು ನಂಬಲಿಲ್ಲ. ರೋಗಿಗೆ ಅದಕ್ಕಿಂತ ದೊಡ್ಡ ಉಪಕಾರ ಇರಲಾರದು ಎಂದು ನನಗೆ ಈಗ ತೋರುತ್ತದೆ.

1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯರು ಭಾರತದಲ್ಲಿ ತಾವು ಕಂಡ 81 ರೋಗಿಗಳ ವಿವರವನ್ನು "ಲ್ಯಾನ್ಸೆಟ್" ಪತ್ರಿಕೆಯಲ್ಲಿ ಬರೆದು, ಈ ಕಾಯಿಲೆಗೆ "ಟ್ರಾಪಿಕಲ್ ಇಯೋಸಿನೊಫಿಲಿಯ" ಎಂದು ಹೆಸರಿಟ್ಟರು. ಮದ್ದು ಸಿಕ್ಕಿದ್ದು ಆಕಸ್ಮಿಕವಾಗಿ. ಅವರ ರೋಗಿಯೊಬ್ಬನಿಗೆ ಈ ಕೆಮ್ಮಿನ ಜೊತೆ ಸಿಫಿಲಿಸ್ ಕೂಡ ಇತ್ತು. ಅದಕ್ಕೆಂದು ಕೊಟ್ಟ ಆರ್ಸೆನಿಕ್‌ನ ಚುಚ್ಚುಮದ್ದಿಗೆ ಕೆಮ್ಮೂ ನಿಂತುಹೋಯಿತು! ಬೇರೆಯವರಿಗೂ ಕೊಟ್ಟು ನೋಡಿದರು, ಅವರಿಗೂ ಗುಣವಾಯಿತು. ಆರ್ಸೆನಿಕ್ ಎಂದರೆ ನಮ್ಮ ಪಾಷಾಣವೇ. ಹಿಡಿದು ಅಳೆದು ಕೊಡಬೇಕಾದ ಮದ್ದು. ಈ ಚುಚ್ಚುಮದ್ದನ್ನು ಮೊದಲು ತಯಾರಿಸಿದವನೂ ಅದೇ ಪಾಲ್ ಎರ್ಲಿಖ್. 1912ರಲ್ಲಿ ಸಿಫಿಲಿಸ್‌ಗೆಂದು ಅದು ಹೊರಬಂದಿತ್ತು. ಮೂವತ್ತಮೂರು ವರ್ಷಗಳ ಅಂತರದಲ್ಲಿ ಕಣಕ್ಕೆ ಹೆಸರಿಟ್ಟವನ ಕೈಯಿಂದಲೇ, ಅವನಿಗೇ ತಿಳಿಯದೆ, ಆ ಕಣದ ಕಾಯಿಲೆಗೆ ಮೊದಲ ಮದ್ದೂ ತಯಾರಾಗಿತ್ತು.

ಇನ್ನು ಚಿಕ್ಕಮ್ಮನಿಗೆ ದಕ್ಕಿದ ಮದ್ದಿನ ಮಾತು. ಅದರ ಹಿಂದೆ ಇರುವ ಮನುಷ್ಯನನ್ನು ನೆನೆದಾಗಲೆಲ್ಲ ನನಗೆ ಒಬ್ಬ ಹೆಂಗಸಿನ ನೆನಪಾಗುತ್ತದೆ. ಆತ ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಗೋದಾವರಿ ಸೀಮೆಯ ಭೀಮಾವರಂನಲ್ಲಿ ಹುಟ್ಟಿದವರು. ಬಡತನದ ಮನೆ. ಮದರಾಸಿನಲ್ಲಿ ವೈದ್ಯ ಓದಲು ಮಾವನ ನೆರವು ಬೇಕಾಯಿತು. ಕರುಳಿನ ಕಾಯಿಲೆಯೊಂದು ಅವರ ಇಬ್ಬರು ಸಹೋದರರನ್ನು ಬಲಿ ತೆಗೆದುಕೊಂಡಿತು. ಮದ್ದು ಹುಡುಕುವ ಹಂಬಲ ಹತ್ತಿ 1923ರಲ್ಲಿ ಅಮೆರಿಕಕ್ಕೆ ಹೊರಟರು. ಎಳೆಯ ಹೆಂಡತಿ ಶೇಷಗಿರಿ ಇಲ್ಲೇ ಉಳಿದರು. ಸುಬ್ಬರಾವ್ ಮತ್ತೆ ಬರಲೇ ಇಲ್ಲ. ಅಲ್ಲಿ ಲೆಡರ್ಲೆ ಎಂಬ ಕಂಪೆನಿಯ ಸಂಶೋಧನೆಯ ಮುಖ್ಯಸ್ಥರಾಗಿ ಒಂದಾದ ಮೇಲೊಂದು ಔಷಧಿಗಳ ಹಿಂದೆ ದುಡಿದು 1948ರಲ್ಲಿ ತೀರಿಕೊಂಡರು. ಆನೆಕಾಲು ರೋಗದ ಹುಳುವಿನ ಮೇಲೆ ಕೆಲಸ ಮಾಡುವ ಡೈಈಥೈಲ್‌ಕಾರ್ಬಮಝೀನ್ ಎಂಬ ಮದ್ದನ್ನು ಅವರ ತಂಡ 1947ರಲ್ಲಿ ಲೋಕಕ್ಕೆ ತಿಳಿಸಿತು. ಅಂಗಡಿಯಲ್ಲಿ ಅದರ ಹೆಸರು ಹೆಟ್ರಜಾನ್. ಮುಂದೆ ಬೆನೊಸೈಡ್ ಎಂಬ ಹೆಸರಿನಲ್ಲೂ ಅದು ನಮ್ಮ ಮನೆಗಳನ್ನು ಸೇರಿತು. 1955ರಿಂದೀಚೆಗೆ ಭಾರತದ ವೈದ್ಯರು ಅದನ್ನು ಈ ರಾತ್ರಿಕೆಮ್ಮಿಗೆ ಕೊಟ್ಟು ನೋಡಿದರು. ಆರ್ಸೆನಿಕ್‌ನ ಅಪಾಯವಿಲ್ಲದೆ ಬಾಯಿಯಿಂದಲೇ ಸೇವಿಸಬಹುದಾದ ಮದ್ದು ಸಿಕ್ಕಿತು.

ನಮ್ಮ ಊರಿಗೆ ಅದನ್ನು ತಂದವರು ಆಗಷ್ಟೇ ಓದು ಮುಗಿಸಿ ಬಂದ ಒಬ್ಬ ಎಳೆಯ ಡಾಕ್ಟರು. ಅಜ್ಜಿಯ ಮಂಡಿನೋವಿಗೆಂದು ಬಂದವರು ಹಿತ್ತಲಿನ ಕೆಮ್ಮು ಕೇಳಿ, "ಅದು ಯಾರು?" ಎಂದರು. ಅಜ್ಜಿ ಮಾತು ಹಾರಿಸಿದಳು. ಅವರು ಬಿಡಲಿಲ್ಲ. ಕೋಣೆಯೊಳಗೆ ಹೋಗಿ, ಚಿಕ್ಕಮ್ಮನ ಪಕ್ಕದಲ್ಲೇ ಮರದ ಪೆಟ್ಟಿಗೆಯ ಮೇಲೆ ಕೂತು ಕೇಳಿದರು. ಕೆಮ್ಮು ಯಾವ ಹೊತ್ತಿಗೆ? ಕಫದ ಪರೀಕ್ಷೆಯಲ್ಲಿ ಏನು ಬಂತು? ರಕ್ತ ಯಾರಾದರೂ ನೋಡಿದ್ದಾರೆಯೆ? ಬೆರಳ ತುದಿ ಚುಚ್ಚಿ ಗಾಜಿನ ಮೇಲೆ ಒಂದು ಹನಿ ತೆಗೆದುಕೊಂಡು ಹೋದರು. ಮರುದಿನ ಸೈಕಲ್ಲಿನಲ್ಲಿ ಬಂದವರ ಮುಖ ಅರಳಿತ್ತು. ಎಣಿಸಿದ 100 ಬಿಳಿಕಣಗಳಲ್ಲಿ 62 ಇಯೋಸಿನೊಫಿಲ್ ಎಂದರಂತೆ. "ಇದು ಕ್ಷಯವಲ್ಲಮ್ಮ. ನೀವು ಇವರನ್ನು ಒಳಗೆ ಕರೆದುಕೊಳ್ಳಿ."

ಅಜ್ಜಿ ಒಡನೆ ಕರೆದುಕೊಳ್ಳಲಿಲ್ಲ. ಮಾತ್ರೆ ಶುರುವಾಯಿತು. ಮೊದಲ ಎರಡು ದಿನ ಚಿಕ್ಕಮ್ಮನಿಗೆ ತಲೆನೋವು, ವಾಕರಿಕೆ. ಐದನೆಯ ರಾತ್ರಿಯೋ ಆರನೆಯ ರಾತ್ರಿಯೋ ಮನೆಯಲ್ಲಿ ಎಲ್ಲರಿಗೂ ಎಚ್ಚರವಾಯಿತು. ಏಕೆಂದರೆ ಕೆಮ್ಮಿನ ಸದ್ದು ಇರಲಿಲ್ಲ! ಅಜ್ಜಿ ಚಿಮಣಿ ದೀಪ ಹಿಡಿದು ಕೋಣೆಗೆ ಹೋಗಿ ನೋಡಿದಳು. ಮಗಳು ಅಂಗಾತ ಮಲಗಿ ನಿದ್ರೆ ಮಾಡುತ್ತಿದ್ದಳು. ಅಜ್ಜಿ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ನಾನು ಅಮ್ಮನ ಸೆರಗು ಹಿಡಿದು ಅದನ್ನು ನೋಡಿದ್ದೇನೆ.

ಆ ಕೆಮ್ಮಿನ ಮೂಲ ಏನೆಂಬುದು ಆಗ ಪೂರ್ತಿ ತಿಳಿದಿರಲಿಲ್ಲ. ಆನೆಕಾಲಿನ ಹುಳುವಿಗೆ ಕೊಡುವ ಮದ್ದು ಇದಕ್ಕೂ ನಾಟುತ್ತದೆ ಎಂದರೆ ಮೂಲವೂ ಆ ಹುಳುವೇ ಇರಬೇಕೆಂಬ ಊಹೆ ಇತ್ತು. ಆದರೆ ಈ ರೋಗಿಗಳ ರಕ್ತದಲ್ಲಿ ಹುಳುವಿನ ಮರಿ ಕಾಣುತ್ತಿರಲಿಲ್ಲ. 1960ರಲ್ಲಿ ವೆಲ್ಲೂರಿನ ವೆಬ್, ಜಾಬ್, ಗಾಲ್ಟ್ ಎಂಬ ಮೂವರು ವೈದ್ಯರು ಆ ಗಂಟು ಬಿಚ್ಚಿದರು. ರೋಗಿಗಳ ಶ್ವಾಸಕೋಶ, ಯಕೃತ್ತು, ಹಾಲುರಸದ ಗ್ರಂಥಿಗಳಿಂದ ಚೂರು ತೆಗೆದು ನೋಡಿದಾಗ ಹುಳುವಿನ ಮರಿಗಳು ಅಲ್ಲಿ ಸಿಕ್ಕಿದವು. ಸೊಳ್ಳೆ ಕಚ್ಚಿ ಫೈಲೇರಿಯ ಹುಳು ಮೈ ಸೇರುತ್ತದೆ. ಬಹಳ ಜನರಲ್ಲಿ ಅದರ ಮರಿಗಳು ರಕ್ತದಲ್ಲಿ ಸುಮ್ಮನೆ ತಿರುಗಾಡಿಕೊಂಡಿರುತ್ತವೆ. ಕೆಲವರ ಮೈ ಮಾತ್ರ ಅವನ್ನು ಸಹಿಸದೆ ಶ್ವಾಸಕೋಶದಲ್ಲೇ ಹಿಡಿದುಹಾಕಿ ಹೊಡೆಯಲು ಹೊರಡುತ್ತದೆ. ದೊಣ್ಣೆ ಹಿಡಿದ ನೆರೆಯವರ ದಂಡು ಸೇರುವುದು ಅಲ್ಲೇ. ಕೆಮ್ಮು, ಉಬ್ಬಸ, ಎಕ್ಸ್‌ರೇಯ ಚುಕ್ಕೆ ಎಲ್ಲ ಆ ಹೊಡೆದಾಟದ ಗುರುತು.

ಕರಾವಳಿಯವರಿಗೆ ಆನೆಕಾಲು ಹೊಸತಲ್ಲ. ಈ ಹುಳುವಿನ ಮರಿಗಳು ಹಗಲು ಒಳಗೆ ಅಡಗಿದ್ದು ರಾತ್ರಿ ಹೊರ ರಕ್ತಕ್ಕೆ ಬರುತ್ತವೆ. ಅದಕ್ಕೇ ಫೈಲೇರಿಯ ನೌಕರರು ಊರು ಮಲಗುವ ಹೊತ್ತಿಗೆ ಲಾಟೀನು ಹಿಡಿದು ಬಂದು ಬೆರಳು ಚುಚ್ಚುತ್ತಿದ್ದರು. ದೇಶದ ಫೈಲೇರಿಯ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1955ರಲ್ಲಿ. ನಾವು ಮಕ್ಕಳು ಅವರನ್ನು ಕಂಡರೆ ಮಂಚದಡಿ ಸೇರುತ್ತಿದ್ದೆವು. ಚಿಕ್ಕಮ್ಮನ ಕೆಮ್ಮಿಗೂ ಆ ಲಾಟೀನಿನವರಿಗೂ ಸಂಬಂಧವಿತ್ತೆಂದು ತಿಳಿದದ್ದು ನನಗೆ ತಲೆ ಬೆಳ್ಳಗಾಗತೊಡಗಿದ ಮೇಲೆ. 2004ರಿಂದ ಕರ್ನಾಟಕದ ಕರಾವಳಿಯಲ್ಲೂ ಬೀದರ, ಕಲಬುರಗಿ, ರಾಯಚೂರಿನ ಕಡೆಯೂ ಊರಿಗೆ ಊರೇ ವರ್ಷಕ್ಕೊಮ್ಮೆ ನುಂಗಿದ ಮಾತ್ರೆಯಲ್ಲಿದ್ದದ್ದು ಅದೇ ಸುಬ್ಬರಾವ್ ತಂಡದ ಮದ್ದು.

ಮೂರು ತಿಂಗಳ ಮೇಲೆ ಚಿಕ್ಕಮ್ಮ ಗಂಡನ ಮನೆಗೆ ಹೋದಳು. ಸುಲಭದಲ್ಲಿ ಅಲ್ಲ. ಆ ಡಾಕ್ಟರೇ ಬರೆದುಕೊಟ್ಟ ಕಾಗದ ಹಿಡಿದು ಅಜ್ಜ ಎರಡು ಸಲ ಹೋಗಿ ಬಂದ. ಕಡೆಗೆ ಕರೆದುಕೊಂಡರು. ಮಗು ಆಗ ಗೋಡೆ ಹಿಡಿದು ನಡೆಯುತ್ತಿತ್ತು. ಚಿಕ್ಕಮ್ಮ ಕೈ ಚಾಚಿದರೆ ಚೀರಿ ಅಜ್ಜಿಯ ತೊಡೆಗೆ ಓಡಿತಂತೆ. ಅದು ತನ್ನ ಬಳಿ ಮಲಗಲು ಒಂದು ವರ್ಷ ಹಿಡಿಯಿತೆಂದು ಅವಳು ಹೇಳುತ್ತಿದ್ದಳು. ಹೇಳುವಾಗ ನಗುತ್ತಿದ್ದಳು. ಮಾತ್ರೆಗೆ ಮೂಲಪುರುಷನಾದ ಸುಬ್ಬರಾವ್ ತನ್ನ ಹೆಂಡತಿಯ ಬಳಿಗೆ ಹಿಂತಿರುಗಲಿಲ್ಲ. ಆ ಮಾತ್ರೆ ಚಿಕ್ಕಮ್ಮನನ್ನು ಹಿಂತಿರುಗಿಸಿತು. ಶೇಷಗಿರಿಯವರಿಗೆ ಇದನ್ನು ಹೇಳಲು ಸಾಧ್ಯವಿದ್ದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇನ್ನೊಂದು ಮಾತು. ನಿಜಕ್ಕೂ ಕ್ಷಯವೇ ಆಗಿದ್ದರೂ ಆ ಕೊಟ್ಟಿಗೆಯ ಕೋಣೆ ಬೇಕಿರಲಿಲ್ಲ. ಅದೇ ಹೊತ್ತಿಗೆ ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರದವರು ಮನೆಯಲ್ಲೇ ಮದ್ದು ತೆಗೆದುಕೊಳ್ಳುವವರನ್ನೂ ಸ್ಯಾನಿಟೋರಿಯಂನಲ್ಲಿ ಇದ್ದವರನ್ನೂ ಹೋಲಿಸಿ ನೋಡುತ್ತಿದ್ದರು. ಗುಣವಾಗುವುದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಸರಿಯಾಗಿ ಮದ್ದು ನಡೆಯುತ್ತಿದ್ದರೆ ಮನೆಯವರಿಗೆ ಹೆಚ್ಚಿನ ಅಪಾಯವೂ ಇಲ್ಲ ಎಂದು 1959ರಲ್ಲಿ ಪ್ರಕಟಿಸಿದರು. ಆ ಸುದ್ದಿ ನಮ್ಮ ಹಿತ್ತಲಿಗೆ ಬರುವ ಹೊತ್ತಿಗೆ ಎಷ್ಟು ಹೆಣ್ಣುಮಕ್ಕಳು ಎಷ್ಟು ಹಿತ್ತಲುಗಳಲ್ಲಿ ಹೋಗಿಬಿಟ್ಟಿದ್ದರೊ.

ಈಗ ಎರಡನೆಯ ಚರಿತ್ರೆ. ಇದನ್ನು ಬರೆಯುವುದು ಕಷ್ಟ, ಏಕೆಂದರೆ ಇದರಲ್ಲಿ ತಪ್ಪು ನನ್ನದು.

1986ರಲ್ಲಿ ನನ್ನ ಮಗಳಿಗೆ ಹದಿನಾಲ್ಕು. ಚಳಿಗಾಲದಲ್ಲಿ ಕೆಮ್ಮು, ಓಡಿದರೆ ಏದುಸಿರು, ಮನೆಗೆ ಸುಣ್ಣ ಹೊಡೆಸಿದರೆ ಎರಡು ರಾತ್ರಿ ನಿದ್ರೆಯಿಲ್ಲ. ಊರಿನ ಒಬ್ಬ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಇಯೋಸಿನೊಫಿಲ್ 9 ಪರ್ಸೆಂಟ್ ಎಂದು ಬಂತು. "ಈಸ್ನೋಫೀಲಿಯಾ ಅಷ್ಟೆ" ಎಂದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ! ಅದು ನಮ್ಮ ಮನೆಯ ಪರಿಚಯದ ಹೆಸರು, ಮಾತ್ರೆಗೆ ಬಗ್ಗುವ ಹೆಸರು. ಬೆನೊಸೈಡ್ ಕೊಡಿಸಿದೆ. ಸ್ವಲ್ಪ ದಿನ ಸರಿಯಾದಂತೆ ಕಂಡಿತು, ಮತ್ತೆ ಬಂತು. ಮತ್ತೆ ಮಾತ್ರೆ. ಹೀಗೆ ನಾಲ್ಕು ವರ್ಷ.

ನಡುವೆ ಬೇರೆ ಊರಿನ ವೈದ್ಯೆಯೊಬ್ಬರು ಅವಳ ಎದೆಗೆ ಸ್ಟೆತಸ್ಕೋಪು ಇಟ್ಟು, "ಇದು ಆಸ್ತಮಾ. ಇನ್‌ಹೇಲರ್ ಬೇಕು" ಎಂದಿದ್ದರು. ನಾನು ಆ ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡೆ. ಆಸ್ತಮಾ ಎಂದರೆ ಹುಡುಗಿಯ ಮದುವೆ ಹೇಗೆ? ಆ ಪಂಪು ಹಿಡಿದು ನಾಲ್ಕು ಜನರ ಎದುರು ಉಸಿರೆಳೆಯುವುದನ್ನು ಯಾರಾದರೂ ನೋಡಿದರೆ? ಅದನ್ನು ಒಮ್ಮೆ ಶುರುಮಾಡಿದರೆ ಬಿಡಲಾಗುವುದಿಲ್ಲ ಎಂದು ಓರಗಿತ್ತಿ ಬೇರೆ ಹೇಳಿದ್ದಳು. ಕೇಳಿದವರಿಗೆಲ್ಲ "ಸ್ವಲ್ಪ ಈಸ್ನೋಫೀಲಿಯಾ" ಎಂದೇ ಹೇಳಿದೆ. ಮಗಳಿಗೂ ಹಾಗೆಯೇ ಹೇಳಲು ಕಲಿಸಿದೆ.

1990ರ ಡಿಸೆಂಬರಿನ ಒಂದು ರಾತ್ರಿ ಅವಳ ತುಟಿ ನೀಲಿಯಾಯಿತು. ಒಂದು ವಾಕ್ಯ ಪೂರ್ತಿ ಆಡಲು ಉಸಿರಿರಲಿಲ್ಲ. ಆಟೋದಲ್ಲಿ ನನ್ನ ಎದೆಗೆ ಒರಗಿಸಿಕೊಂಡು ಆಸ್ಪತ್ರೆಗೆ ಹೋದ ಆ ಇಪ್ಪತ್ತು ನಿಮಿಷ ನನಗೆ ಚಿಕ್ಕಮ್ಮನ ಕೋಣೆ ಕಣ್ಣಮುಂದೆ ಬಂತು. ಆಮ್ಲಜನಕ ಕೊಟ್ಟು ಬದುಕಿಸಿದರು. ಬೆಳಗ್ಗೆ ಅಲ್ಲಿಯ ವೈದ್ಯರು ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ನಾನು ಉತ್ತರ ಕೊಡಲಿಲ್ಲ. ಚೀಟಿ ಇನ್ನೂ ಪರ್ಸಿನಲ್ಲೇ ಇತ್ತು.

ಚಿಕ್ಕಮ್ಮನಿಗೆ ಒಂದು ಭಯದ ಹೆಸರಿಟ್ಟು ಕಾರಣ ಹುಡುಕುವುದನ್ನು ನಿಲ್ಲಿಸಿದ್ದರು. ನಾನು ನನ್ನ ಮಗಳಿಗೆ ಒಂದು ಮರ್ಯಾದೆಯ ಹೆಸರಿಟ್ಟು ಅದನ್ನೇ ಮಾಡಿದೆ.

ಆ ಮೇಲೆ ನಾನು ಈ ವಿಷಯವನ್ನು ಓದತೊಡಗಿದೆ, ಡಾಕ್ಟರುಗಳನ್ನು ಕಾಡಿ ಕೇಳತೊಡಗಿದೆ. ಅರ್ಥವಾದದ್ದನ್ನು ನಿಮಗೂ ಹೇಳುತ್ತೇನೆ.

ಇಯೋಸಿನೊಫಿಲಿಯ ಎಂಬುದು ರೋಗದ ಹೆಸರಲ್ಲ, ಒಂದು ಗುರುತು. ಅಡುಗೆಮನೆಯಿಂದ ಹೊಗೆ ಬಂದರೆ ಹೊಗೆ ಎಂದು ಕೂಗಿ ಸುಮ್ಮನಾಗುತ್ತೇವೆಯೆ? ಹಾಲು ಉಕ್ಕಿತೋ ಬಟ್ಟೆಗೆ ಬೆಂಕಿ ತಗುಲಿತೋ ನೋಡುತ್ತೇವೆ. ವರದಿಯಲ್ಲಿ ಬರುವ ಪರ್ಸೆಂಟ್ ಒಂದೇ ಸಾಲದು. ಒಟ್ಟು ಬಿಳಿಕಣ 6,000 ಇದ್ದು ಅದರಲ್ಲಿ 8 ಪರ್ಸೆಂಟ್ ಎಂದರೆ 480, ಅದು ಸಾಮಾನ್ಯವೇ. ಒಟ್ಟು 20,000 ಇದ್ದು 40 ಪರ್ಸೆಂಟ್ ಎಂದರೆ 8,000, ಅದು ಬೇರೆಯೇ ಕತೆ. ಚಿಕ್ಕಮ್ಮನ ಬಗೆಯ ಕಾಯಿಲೆಯಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ 3,000 ದಾಟಿರುತ್ತದೆ. ಜೊತೆಗೆ ರಾತ್ರಿಕೆಮ್ಮು ಇರಬೇಕು, ಆನೆಕಾಲಿನ ಸೊಳ್ಳೆಯಿರುವ ಊರಿನ ವಾಸ ಇರಬೇಕು, ರಕ್ತದಲ್ಲಿ ಫೈಲೇರಿಯಕ್ಕೆ ಎದುರಾದ ಪ್ರತಿಕಾಯಗಳೂ ಐಜಿಇ ಎಂಬ ವಸ್ತುವೂ ಏರಿರಬೇಕು, ಮದ್ದಿಗೆ ಬೇಗ ಗುಣ ಕಾಣಬೇಕು. ಇಷ್ಟನ್ನು ನೋಡಿಯೇ ವೈದ್ಯರು ಮೂರು ವಾರದ ಮದ್ದು ಬರೆಯುತ್ತಾರೆ. ಗುಣವಾಯಿತೆಂದು ನಡುವೆ ನಿಲ್ಲಿಸಬಾರದು. ಕೆಲವರಿಗೆ ಅದು ಮರಳಿ ಬರುವುದುಂಟು. ಬಿಟ್ಟುಬಿಟ್ಟರೆ ಶ್ವಾಸಕೋಶ ಗಟ್ಟಿಯಾಗಿ ಉಸಿರಾಟವೇ ಕುಗ್ಗುತ್ತದೆ.

ಅಲರ್ಜಿ, ಆಸ್ತಮಾ, ಹೊಟ್ಟೆಹುಳು, ನುಂಗುತ್ತಿರುವ ಯಾವುದೋ ಔಷಧಿ, ಶಿಲೀಂಧ್ರದ ಅಲರ್ಜಿ, ಇವೂ ಈ ಕಣವನ್ನು ಏರಿಸುತ್ತವೆ. ಅಪರೂಪಕ್ಕೆ ಇನ್ನೂ ದೊಡ್ಡ ಕಾಯಿಲೆಗಳಿರುತ್ತವೆ. ಆಸ್ತಮಾ ಇದ್ದವರಲ್ಲಿ ರಕ್ತನಾಳಗಳೇ ಉರಿಯೂತಕ್ಕೆ ಸಿಕ್ಕಿ ಕಾಲಿನ ನರ ಸೋಲುವ ಒಂದು ರೋಗವನ್ನು ಚರ್ಗ್ ಮತ್ತು ಸ್ಟ್ರಾಸ್ ಎಂಬ ಇಬ್ಬರು ವೈದ್ಯರು 1951ರಲ್ಲಿ ವಿವರಿಸಿದರು. ಸಂಖ್ಯೆ 1,500 ದಾಟಿ, ಇಳಿಯದೆ ನಿಂತು, ಹೃದಯಕ್ಕೇ ಪೆಟ್ಟು ಕೊಡುವುದೂ ಉಂಟು. ಅಂಥವರಲ್ಲಿ ಕೆಲವರಿಗೆ ರಕ್ತಕಣದ ಜೀನಿನಲ್ಲೇ ಒಂದು ದೋಷವಿರುತ್ತದೆಂದೂ ಇಮಾಟಿನಿಬ್ ಎಂಬ ಮಾತ್ರೆ ಅವರಿಗೆ ನಾಟುತ್ತದೆಂದೂ 2003ರಲ್ಲಿ ತಿಳಿಯಿತು. ಇಯೋಸಿನೊಫಿಲ್‌ಗಳನ್ನು ಬೆಳೆಸುವ ಸಂಕೇತವನ್ನೇ ತಡೆಯುವ ಮೆಪೊಲಿಝುಮಾಬ್ ಎಂಬ ಚುಚ್ಚುಮದ್ದು ತೀವ್ರ ಆಸ್ತಮಾಕ್ಕೆಂದು 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ಸ್ಟಿರಾಯ್ಡ್ ಮಾತ್ರೆಯ ಬಗ್ಗೆ ಎಚ್ಚರ ಹೇಳಲೇಬೇಕು. ಅದು ಈ ಕಣಗಳನ್ನು ಬೇಗ ಇಳಿಸುತ್ತದೆ, ಎಷ್ಟೋ ಕಾಯಿಲೆಗೆ ಅದೇ ಬೇಕು. ಆದರೆ ಬರಿಗಾಲಲ್ಲಿ ಮಣ್ಣು ತುಳಿದವರ ಹೊಟ್ಟೆ ಸೇರುವ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳುವೊಂದಿದೆ. ಅದು ಒಳಗಿರುವಾಗ ಸ್ಟಿರಾಯ್ಡ್ ಕೊಟ್ಟರೆ ಕಾವಲಿನವರನ್ನು ಕಳಿಸಿ ಕಳ್ಳನಿಗೆ ಬೀಗದ ಕೈ ಕೊಟ್ಟಂತೆ. ಹುಳು ಮೈಯೆಲ್ಲ ಹರಡಿ ಪ್ರಾಣಕ್ಕೆ ಬರುತ್ತದೆ. ಅದಕ್ಕೇ ತಿಳಿದ ವೈದ್ಯರು ಮೊದಲು ಹುಳುವಿನ ವಿಚಾರ ಮಾಡುತ್ತಾರೆ. ಅಂಗಡಿಯಿಂದ ನಾವೇ ಮಾತ್ರೆ ತಂದು ನುಂಗುವುದು ಬೇಡವೆಂಬುದು ಇದೇ ಕಾರಣಕ್ಕೆ.

ನನ್ನ ಮಗಳ ಕೈಯಲ್ಲಿ ಇನ್‌ಹೇಲರ್ ಬಂತು. ಹೆಣ್ಣು ನೋಡಲು ಬಂದವರ ಎದುರು ಅವಳೇ, "ನನಗೆ ಆಸ್ತಮಾ ಇದೆ, ಮದ್ದು ತೆಗೆದುಕೊಳ್ಳುತ್ತೇನೆ" ಎಂದಳು. ಎರಡು ಮನೆಯವರು ಮತ್ತೆ ಬರಲಿಲ್ಲ. ಮೂರನೆಯವರು ಬಂದರು. ಈಗ ಅವಳ ಮಗಳೂ ಕಾಲೇಜು ಮುಗಿಸಿದ್ದಾಳೆ.

ಚಿಕ್ಕಮ್ಮ ಎಪ್ಪತ್ತೊಂಬತ್ತರವರೆಗೆ ಬಾಳಿದಳು. ಅಜ್ಜಿ ತೀರಿಕೊಂಡ ವರ್ಷ ಮನೆ ಪಾಲಾದಾಗ ಪಾತ್ರೆಗಳನ್ನು ಹಂಚುತ್ತಿದ್ದರು. ಹಿತ್ತಾಳೆ ಕೊಪ್ಪರಿಗೆ, ಕಂಚಿನ ದೀಪ ಎಂದು ಎಲ್ಲರೂ ಆರಿಸಿಕೊಂಡರು. ಚಿಕ್ಕಮ್ಮ ಅಟ್ಟ ಹತ್ತಿ ಅಂಚು ಸುಲಿದ ಆ ಪಿಂಗಾಣಿ ಬಟ್ಟಲನ್ನು ಹುಡುಕಿ ತಂದಳು. "ಇದು ಯಾಕೆ ಚಿಕ್ಕಮ್ಮ?" ಎಂದೆ. "ಇದು ನನ್ನದೇ ತಾನೆ?" ಎಂದಳು. ಕಡೆಯವರೆಗೂ ಅದರಲ್ಲಿ ತುಳಸಿಗೆ ನೀರು ಹಾಕುತ್ತಿದ್ದಳು. ಈಗ ಅದು ನನ್ನ ಬಳಿ ಇದೆ.

ಮದುವೆಮನೆಯ ಆ ಹೆಂಗಸು ಕೈತೊಳೆಯುವಲ್ಲಿ ಮತ್ತೆ ಸಿಕ್ಕಿದರು. ಈ ಸಲ ನಾನು ಸುಮ್ಮನಿರಲಿಲ್ಲ. "ನಿಮ್ಮ ಕೆಮ್ಮು ಯಾವ ಹೊತ್ತಿಗೆ ಬರುತ್ತದೆ? ಏತರಿಂದ ಎಂದು ಡಾಕ್ಟರು ಹೇಳಿದ್ದಾರೆಯೆ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಅದನ್ನು ನಾನು ಕೇಳಲೇ ಇಲ್ಲ ನೋಡಿ" ಎಂದರು.